ಕಾರ್ಬೊರೇಟರ್ ಬಿಚ್ಚೋದೋ, ಬಾಟಲಿ ಕಟ್ಟೋದೋ?

ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ. ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಹೋದ ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, ಒಂದೂವರೆ ನಿಮಿಷಕ್ಕೆ ಕೆಮ್ಮಿ ಕೆಮ್ಮಿ ಬಂದ್ ಬೀಳುತ್ತೆ. ಎರಡನೇ ಸಲಕ್ಕೆ ಸೆಲ್ಫ್ ಜಾಸ್ತಿ ಹೊಡೀಬೇಕು. ಒಮ್ಮೆ ಕನಕ ದುರ್ಗಮ್ಮನ ಗುಡಿ ಹತ್ತಿರ ನಿಂತುಹೋಯಿತು. ಹಿಂದಿನ ಆಟೋದವರ ಬಾಯಿಂದ ಏನೇನು ಕೇಳಿದೆ ಅಂತ ಬರೆಯೋದು ಬೇಡ ಬಿಡಿ.

ರೋಗ ಹಿಡಿಯೋಕೆ ನಾನು ನಾಲ್ಕು ದಾರಿ ನೋಡಿದೆ.

ಮೊದಲನೆಯದು ಕಾರ್ಬೊರೇಟರ್ ಸರ್ವಿಸ್. ಹಳೇ ಗಾಡಿ ಬಂದ್ ಬಿತ್ತು ಅಂದರೆ ಬಳ್ಳಾರಿಯಲ್ಲಿ ಎಲ್ಲರ ಕೈ ಮೊದಲು ಹೋಗೋದು ಅಲ್ಲಿಗೇ. ಬಿಚ್ಚಿದಾಗ ಒಳಗೆ ತಳದಲ್ಲಿ ಕೆಂಪು ಪುಡಿ ಇತ್ತು. "ಮೈನ್ಸ್ ಧೂಳು ಅಣ್ಣ" ಅಂದ ಗ್ಯಾರೇಜಿನ ಹುಡುಗ. ಸಂಡೂರಿನ ಗಣಿ ಧೂಳು ಪೆಟ್ರೋಲ್ ಪೈಪಿನೊಳಗೆ ಹೇಗೆ ಹೋಗಬೇಕು? ನನಗೆ ಅದು ಟ್ಯಾಂಕಿನ ತುಕ್ಕು ಅನ್ನಿಸಿತು. ಇರಲಿ. ಜೆಟ್ (ಪೆಟ್ರೋಲ್ ಹರಿಯೋ ಸಣ್ಣ ತೂತು) ತೊಳೆದು ಗಾಳಿ ಹೊಡೆದರು, 800 ರೂಪಾಯಿ ಆಯಿತು. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡೋದು, ನಿಜವಾಗಿಯೂ ನಯವಾಯಿತು. ಆದರೆ ಒಂದೂವರೆ ನಿಮಿಷಕ್ಕೆ ಬಂದ್ ಬೀಳೋ ಚಾಳಿ ಹಾಗೇ ಇತ್ತು.

ಎರಡನೆಯದು ಅಂದಾಜಿನ ಮೇಲೆ ಸಾಮಾನು ಬದಲಾಯಿಸೋದು. ಕಿಡಿ ಹಾರಿಸೋ ಮೂರು ಪ್ಲಗ್, ಅವಕ್ಕೆ ಕರೆಂಟ್ ಕೊಡೋ ಒಂದು ಕಾಯಿಲ್. ಇದಕ್ಕೆ ನಾನೇ ತಲೆಯಾಡಿಸಿದ್ದೆ, ಹಾಗಾಗಿ ಯಾರನ್ನೂ ಬೈಯೋ ಹಾಗಿಲ್ಲ. ಆಮೇಲೆ ಪ್ಲಗ್ ವೈರಿನ ನಡುವೆ ಸಿಕ್ಕಿಸೋ ಚಿಕ್ಕ ಲೈಟ್ ತಂದೆ. ಇಂಜಿನ್ ಕೊನೆಯ ಸುತ್ತು ಸುತ್ತೋವರೆಗೂ ಲೈಟ್ ಮಿಣುಕ್ತಾನೇ ಇತ್ತು. ಕರೆಂಟ್ ಸರಿಯಾಗೇ ಇದೆ ಅಂತ ಆಯಿತಲ್ಲ? ಕಾಯಿಲ್‌ಗೆ ಮೊದಲು ಇದನ್ನೇ ತರಬೇಕಿತ್ತು. ಇನ್ನೊಂದು ಗುರುತು ಪುಕ್ಕಟೆ ಸಿಗುತ್ತೆ. ಕರೆಂಟ್ ತಪ್ಪಿದರೆ ಗಾಡಿ ಕೀ ತೆಗೆದ ಹಾಗೆ ಟಪ್ ಅಂತ ನಿಲ್ಲುತ್ತೆ. ಪೆಟ್ರೋಲ್ ಸಾಲದೆ ಬಂದರೆ ಕೆಮ್ಮುತ್ತೆ, ಜಗ್ಗುತ್ತೆ, ಆಮೇಲೆ ನಿಲ್ಲುತ್ತೆ. ನಮ್ಮದು ಮೊದಲ ದಿನದಿಂದ ಕೆಮ್ಮುತ್ತಿತ್ತು. ಕೇಳಿಸಿಕೊಂಡವರು ಯಾರು?

ಮೂರನೆಯದು, ಗಾಡಿಯ ದೋಷ ಓದಿ ಹೇಳೋ ಸ್ಕ್ಯಾನರ್ ಇರೋ ದೊಡ್ಡ ಗ್ಯಾರೇಜ್. ಈ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚೋಕೆ ಜಾಗವೇ ಇಲ್ಲ. ಟೀ ಕುಡಿದು ವಾಪಸ್ ಬಂದೆ.

ನಾಲ್ಕನೆಯದು ಬಾಟಲಿ, ಅಂದರೆ ಟ್ಯಾಂಕ್ ಬಿಟ್ಟು ಬಾಟಲಿಯಿಂದ ಪೆಟ್ರೋಲ್ ಕೊಟ್ಟು ನೋಡೋದು. ಬಂಕಿನವರು ಬಾಟಲಿಗೆ ಹಾಕಲ್ಲ, ತಮ್ಮನ ಬೈಕಿನಿಂದ ಅರ್ಧ ಲೀಟರ್ ಇಳಿಸಿಕೊಂಡೆ. ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೇ ಮಾಡಿದೆ. ಟ್ಯಾಂಕಿನಿಂದ ಗಾಡಿಯ ಪೆಟ್ರೋಲ್ ಎಳೆಯೋ ಪಂಪಿಗೆ ಬರೋ ಪೈಪ್ ಕಿತ್ತು, ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿದೆ. ಪಂಪಿಗೆ ಬೇರೆ ಪೈಪ್ ಸಿಕ್ಕಿಸಿ ಅದರ ತುದಿ ಬಾಟಲಿಯೊಳಗೆ. ಬಾಟಲಿ ಇಂಜಿನ್ ಮೇಲಲ್ಲ, ದೂರಕ್ಕೆ, ನೆಲದ ಮೇಲೆ. ಮೇಲಿಟ್ಟರೆ ಪೆಟ್ರೋಲ್ ತಾನೇ ಇಳಿದುಬರುತ್ತೆ, ಪಂಪ್ ಎಳೀತಿದೆಯೋ ಇಲ್ಲವೋ ಗೊತ್ತಾಗಲ್ಲ. ಸ್ಟಾರ್ಟ್ ಮಾಡಿದೆ. ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಬಂದ್ ಬೀಳಲೇ ಇಲ್ಲ!

ಅಂದರೆ ಪಂಪ್, ಕಾರ್ಬೊರೇಟರ್, ಕರೆಂಟ್ ಮೂರಕ್ಕೂ ಒಂದೇ ಏಟಿಗೆ ಬಿಡುಗಡೆ. ಉಳಿದದ್ದು ಟ್ಯಾಂಕ್, ಮುಚ್ಚಳ ಮತ್ತು ಹಿಂದಿನಿಂದ ಬರೋ ಪೈಪು. ಮೊದಲಿನ ಪೈಪ್ ಮತ್ತೆ ಸಿಕ್ಕಿಸಿ, ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ನೋಡಿದೆ, ಆದರೂ ನಿಂತಿತು. ಮುಚ್ಚಳದ ಗಾಳಿ ತೂತು ಕಟ್ಟಿಲ್ಲ ಅಂತಾಯಿತು. ಗಾಡಿ ಕೆಳಗೆ ತೂರಿದೆ. ಟ್ಯಾಂಕಿನ ಹತ್ತಿರ ಒಂದು ಗೇಣು ರಬ್ಬರ್ ಪೈಪ್ ಇದೆ. ಕ್ಲಿಪ್ ಜಾರಿಸಿ ಪೈಪ್ ಬಗ್ಗಿಸಿದರೆ, ಮೇಲ್ಭಾಗದಲ್ಲಿ ಬೇಸಿಗೆ ಕೆರೆಯ ಹಾಗೆ ಬಿರುಕು. ಕೆಳಗೆ ಒಂದು ಹನಿ ಪೆಟ್ರೋಲ್ ಇಲ್ಲ. ಈ ಪಂಪ್ ಇಂಜಿನ್ ಹತ್ತಿರ ಕೂತು ಎಳೆಯೋ ಜಾತಿಯದು. ಹಾಗಾಗಿ ಬಿರುಕಿನಿಂದ ಪೆಟ್ರೋಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಇರೋವರೆಗೆ ಓಟ, ಮುಗಿದ ಮೇಲೆ ಕೆಮ್ಮು.

ಹೊಸ ಪೈಪ್, ಎರಡು ಕ್ಲಿಪ್, 90 ರೂಪಾಯಿ.

ಹಾಗಂತ ಕಾರ್ಬೊರೇಟರ್ ಬಿಚ್ಚೋದು ಯಾವಾಗಲೂ ದಂಡ ಅಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಓಡಿ, ಬಿಟ್ಟ ತಕ್ಷಣ ನಿಲ್ಲೋ ಗಾಡಿಯಾದರೆ ನಾನೂ ಐಡ್ಲಿಂಗ್ ಜೆಟ್, ವ್ಯಾಕ್ಯೂಮ್ ಪೈಪುಗಳಿಂದಲೇ ಶುರು ಮಾಡ್ತೀನಿ. ನಮ್ಮದು ಉಲ್ಟಾ, ಒತ್ತಿದಷ್ಟೂ ಬೇಗ ಸಾಯುತ್ತಿತ್ತು.

ಹಳೇ ಪೈಪನ್ನು ಆ ಹುಡುಗನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಲೀಕೇ ಇರ್ಲಿಲ್ಲಲ್ಲಣ್ಣ" ಅಂದ. ಬಿಚ್ಚಿದ ಹಳೇ ಕಾಯಿಲ್ ಚೆನ್ನಾಗೇ ಇದೆ, ಡಿಕ್ಕಿಯಲ್ಲಿ ಇಟ್ಟಿದ್ದೀನಿ.