ಬಿಆರ್‌ಐ ಸಾಕೇ, ಪಿಆರ್‌ಐ ಬೇಕೇ?

ಗಂಗಾವತಿಯ ಅಕ್ಕಿ ಗಿರಣಿಯ ಕಚೇರಿಗೂ ಬಳ್ಳಾರಿಯ ದೊಡ್ಡ ಆಸ್ಪತ್ರೆಗೂ ಒಂದೇ ಬಗೆಯ ಧ್ವನಿ ಮಾಡ್ಯೂಲ್ (ರೂಟರಿನಂಥ ಸಾಧನಕ್ಕೆ ಫೋನ್ ಲೈನ್ ಜೋಡಿಸುವ ಕಾರ್ಡ್) ಹೊಂದುವುದಿಲ್ಲ. ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಸೇವೆಯಲ್ಲಿ ಚಿಕ್ಕ ಸಂಪರ್ಕ ಬಿಆರ್‌ಐ, ದೊಡ್ಡದು ಪಿಆರ್‌ಐ.

ಬಿಆರ್‌ಐಯಲ್ಲಿ ಮಾತು ಸಾಗಲು ಸೆಕೆಂಡಿಗೆ 64 ಕಿಲೋಬಿಟ್‌ನ ಎರಡು ಬಿ ಚಾನೆಲ್, ಕರೆ ಜೋಡಿಸುವ ಸಂಕೇತಗಳಿಗೆ 16 ಕಿಲೋಬಿಟ್‌ನ ಒಂದು ಡಿ ಚಾನೆಲ್. ಅಂದರೆ ಒಂದು ಪೋರ್ಟಿಗೆ ಏಕಕಾಲಕ್ಕೆ ಎರಡೇ ಕರೆ. ಪಿಆರ್‌ಐ ಭಾರತದಲ್ಲಿ 2.048 ಮೆಗಾಬಿಟ್‌ನ ಇ1 ತಂತಿಯ ಮೇಲೆ ಬರುತ್ತದೆ. 30 ಕರೆಗಳಿಗೆ ಜಾಗವಿದೆ.

ನಿಜವಾದ ಎಚ್ಚರ ಬೇಕಾದದ್ದು ತಂತಿ ಜೋಡಿಸುವಾಗ. ಎರಡರ ಕನೆಕ್ಟರೂ ನೋಡಲು ಈಥರ್ನೆಟ್‌ನದರಂತೆಯೇ ಇರುತ್ತದೆ, ಒಳಗಿನ ಪಿನ್‌ಗಳೇ ಬೇರೆ. ಬಿಆರ್‌ಐಯ ಎಸ್/ಟಿ ಪೋರ್ಟ್ (ಕಟ್ಟಡದೊಳಗಿನ ನಾಲ್ಕು ತಂತಿಯ ಸಂಪರ್ಕ) 3, 4, 5, 6ನೇ ಪಿನ್‌ಗಳನ್ನು ಬಳಸುತ್ತದೆ. ಹೊರಗಿನಿಂದ ಬರುವ ಎರಡು ತಂತಿಯ ಯು ಲೈನನ್ನು ಇದಕ್ಕೆ ನೇರವಾಗಿ ಚುಚ್ಚಬಾರದು, ನಡುವೆ ಎರಡು ತಂತಿಯನ್ನು ನಾಲ್ಕಕ್ಕೆ ಬದಲಿಸುವ ಎನ್‌ಟಿ1 ಪೆಟ್ಟಿಗೆ ಇರಲೇಬೇಕು. ಗುಡುಗು–ಸಿಡಿಲಿನ ಸಂಜೆಗಳಿರುವ ನಮ್ಮ ಕಡೆ ಮಳೆ ಬರುವಾಗ ಈ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಇ1 ಪೋರ್ಟ್ 1, 2 ಮತ್ತು 4, 5 ಎಂಬ ಎರಡು ಜೋಡಿಗಳನ್ನು ಬಳಸುತ್ತದೆ. ಸೇವಾದಾರರ ಪೆಟ್ಟಿಗೆಗೆ ಸಾಮಾನ್ಯವಾಗಿ ನೇರ ಕೇಬಲ್. ಕಚೇರಿಯ ಪಿಬಿಎಕ್ಸ್‌ಗೆ (ಒಳಗಿನ ಫೋನ್‌ಗಳನ್ನು ಜೋಡಿಸುವ ಎಕ್ಸ್‌ಚೇಂಜ್) ಬಹುತೇಕ 1ನ್ನು 4ಕ್ಕೆ, 2ನ್ನು 5ಕ್ಕೆ ಅದಲುಬದಲು ಮಾಡಿದ ಕೇಬಲ್. ಆಗ ಸೆಟ್ಟಿಂಗ್‌ನಲ್ಲಿ ಒಂದು ತುದಿ ನೆಟ್‌ವರ್ಕ್, ಇನ್ನೊಂದು ಯೂಸರ್ ಆಗಿರಬೇಕು. ಎರಡೂ ತುದಿಗಳನ್ನು ಒಂದೇ ಲಯದಲ್ಲಿಡುವ ಗಡಿಯಾರ ಸಂಕೇತವನ್ನು ಯಾವ ತುದಿ ಕೊಡುತ್ತದೆಂಬುದನ್ನೂ ಮೊದಲೇ ನಿರ್ಧರಿಸಿ; ಅದು ತಪ್ಪಿದರೆ ಲೈನ್ ಏರಿಳಿಯುತ್ತಲೇ ಇರುತ್ತದೆ, ತಪ್ಪು ಕೇಬಲ್‌ನದೆಂದು ದಿನವಿಡೀ ಹುಡುಕುತ್ತೀರಿ.

ನಾಲ್ಕು ಕರೆಗಳೊಳಗೆ ದಿನ ಸಾಗುವ ಗಿರಣಿಗೆ ಎರಡು ಪೋರ್ಟಿನ ಬಿಆರ್‌ಐ ಮಾಡ್ಯೂಲ್ ಸಾಕು. ಆಸ್ಪತ್ರೆಗೆ ನಾನು ಹಿಂಜರಿಯದೆ ಪಿಆರ್‌ಐ ಎನ್ನುತ್ತೇನೆ.