ಬೇಲೂರು ರಸ್ತೆಯ ನರ್ಸರಿಯಲ್ಲಿ 280 ಕವರ್ ಪಿಂಟೊ

ಹಾಸನ–ಬೇಲೂರು–ಚಿಕ್ಕಮಗಳೂರು ರೂಟಿನಲ್ಲಿ 26 ವರ್ಷ ಟಿಕೆಟ್ ಹರಿದವನು ನಾನು. ಹಗರೆ ದಾಟಿದ ಮೇಲೆ ಯಾವ ಸೀಟಿನವರು ತೂಕಡಿಸುತ್ತಾರೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬೇಲೂರು ಬಿಟ್ಟು ಚಿಕ್ಕಮಗಳೂರಿನ ಕಡೆ ಬರುವಾಗ ರಸ್ತೆ ಪಕ್ಕದಲ್ಲಿ ಹಸಿರು ನೆಟ್ ಕಟ್ಟಿದ ಒಂದು ನರ್ಸರಿ ಸಿಗುತ್ತೆ. ಅಷ್ಟೂ ವರ್ಷ ಅದನ್ನು ಬಸ್ಸಿನ ಫುಟ್‌ಬೋರ್ಡಿನಿಂದ ನೋಡಿದ್ದೇ ಹೊರತು ಒಮ್ಮೆಯೂ ಒಳಗೆ ಹೋಗಿರಲಿಲ್ಲ. ರಿಟೈರ್ ಆದ ಮೇಲೆ ಹೋದೆ. ಅಲ್ಲಿ ಆದ ಒಳ್ಳೇದನ್ನೂ ಕೆಟ್ಟದ್ದನ್ನೂ ಬರೆಯುತ್ತಿರೋದರಿಂದ ಹೆಸರು ಹಾಕುವುದಿಲ್ಲ.

ಹೋಗುವ ಹಾಗಾಗಿದ್ದು ಮನೆ ಹಿಂದಿನ ಧರೆಯಿಂದ. ಚಿಕ್ಕಮಗಳೂರಿನ ಹೊರಗೆ ಇಳಿಜಾರಿನ ಸೈಟು ಸೋವಿಗೆ ಸಿಕ್ಕಿತು ಅಂತ ತಗೊಂಡು, ಜೆಸಿಬಿ ಕರೆಸಿ ಗುಡ್ಡ ಕಡಿಸಿ ಮನೆ ಕಟ್ಟಿಸಿದೆ. ಧರೆಯ ಕೆಳಗಿನ ಅರ್ಧಕ್ಕೆ ಕಲ್ಲು ಕಟ್ಟಿಸುವಷ್ಟರಲ್ಲಿ ದುಡ್ಡು ಮುಗಿಯಿತು. ಮೇಲಿನ ಅರ್ಧ, 30 ಅಡಿ ಉದ್ದ 7 ಅಡಿ ಇಳಿಜಾರು, ಬರೀ ಕೆಮ್ಮಣ್ಣು. ಮೊದಲ ಮಳೆಗಾಲದಲ್ಲಿ ಪುನರ್ವಸು ಮಳೆ ಹಿಡಿದಾಗ ಹಿತ್ತಲ ಚರಂಡಿ ತುಂಬ ರಾಗಿ ಅಂಬಲಿ ಥರ ಕೆಸರು. ನಾನು ಬೆಳಗ್ಗೆ ಎದ್ದು ಗುದ್ದಲಿ ಹಿಡಿದು ತೆಗೆಯೋದು, ರಾತ್ರಿ ಅದು ಮತ್ತೆ ತುಂಬೋದು. ಸೊಸೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ದಟ್ಟ ಹಸಿರು ಹಾಸು, ಮೇಲೆ ಚಿಕ್ಕ ಚಿಕ್ಕ ಹಳದಿ ಹೂ. "ಪಿಂಟೊ ಅಂತೆ ಮಾವ" ಅಂದಳು. ಪಿಂಟೊ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಮಂಗಳೂರು ಕಡೆಯಿಂದ ಬಂದು ಇಲ್ಲಿ ಕಾಫಿ ತೋಟ ಮಾಡಿದವರು. ಯಾರೋ ತೋಟದ ಯಜಮಾನರು ತರಿಸಿದ ಗಿಡ ಇರಬೇಕು ಅಂದುಕೊಂಡೆ.

ಮೂಡಿಗೆರೆ ತೋಟಗಾರಿಕೆ ಕಾಲೇಜಿನಲ್ಲಿ ಓದುವ ತಂಗಿಯ ಮಗ ಕೇಳಿ ಬಿದ್ದು ಬಿದ್ದು ನಕ್ಕ. ಅವನು ಹೇಳಿದ್ದು: ಇದು ಬ್ರೆಜಿಲ್ ದೇಶದ್ದು, ನಮ್ಮ ಕಡ್ಲೆಕಾಯಿಯ ಕುಲ. 1954ರಲ್ಲಿ ಅಲ್ಲಿನ ಬಹಿಯಾ ರಾಜ್ಯದಲ್ಲಿ ಗೆರಾಲ್ಡೊ ಪಿಂಟೊ ಅನ್ನೋ ಪ್ರೊಫೆಸರ್ ಇದನ್ನು ಮೊದಲು ಸಂಗ್ರಹಿಸಿದರಂತೆ, 1994ರಲ್ಲಿ ಸಸ್ಯಶಾಸ್ತ್ರದವರು ಅವರದ್ದೇ ಹೆಸರಿಟ್ಟರಂತೆ. ಆ ಕಡೆ ದೇಶಗಳಲ್ಲಿ ಕಾಫಿ ಗಿಡದ ಬುಡಕ್ಕೂ ಹಾಸುತ್ತಾರಂತೆ, ದನಕ್ಕೂ ಮೇಯಿಸುತ್ತಾರಂತೆ. ಈ ಎರಡನೇ ಮಾತು ಆಮೇಲೆ ನನಗೇ ಬಂದು ಬಡಿಯಿತು, ಹೇಳ್ತೀನಿ.

ಹೋದ ವರ್ಷ ಮೇ ಕೊನೆಯ ವಾರ ನರ್ಸರಿಗೆ ಹೋದೆ. ಮಾಲೀಕರು ಫೋನಿನಲ್ಲಿ ಯಾವುದೋ ರೆಸಾರ್ಟಿನ ಆರ್ಡರ್ ಮಾತಾಡುತ್ತಿದ್ದವರು ಕೈಸನ್ನೆಯಲ್ಲೇ ಒಳಗೆ ಹೋಗಿ ಅಂದರು. ಒಳಗೆ, ಮೇ ತಿಂಗಳ ಸೆಕೆಯಲ್ಲೂ ಕೆಂಪು ಸ್ವೆಟರ್ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು ಕವರಿಗೆ ಮಣ್ಣು ತುಂಬುತ್ತಿದ್ದ ಒಬ್ಬ ಅಕ್ಕ. ಈ ನರ್ಸರಿಗೆ ನಾನು ಕೊಡುವ ಮಾರ್ಕೆಲ್ಲ ಆಕೆಗೇ ಸೇರಬೇಕು.

"ಎಷ್ಟು ಬೇಕು" ಅಂತ ಕೇಳಲಿಲ್ಲ ಆಕೆ. "ಬಿಸಿಲು ಎಷ್ಟು ಹೊತ್ತು ಬೀಳ್ತದೆ, ಧರೆ ಹಸಿ ಮಣ್ಣೋ ಜಂಬಿಟ್ಟಿಗೆಯೋ" ಅಂತ ಕೇಳಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸಾರ್, ಇದು ಮಣ್ಣು ಕೊಚ್ಕಂಡು ಹೋಗೋದು ತಡೀತದೆ. ಧರೆ ಜರಿಯೋದು ತಡೆಯಲ್ಲ. ಜರಿಯೋ ಹಂಗಿದ್ರೆ ಮೇಲಂಚಿಗೆ ಸಾಲಾಗಿ ಲಾವಂಚ ಹಾಕಿ, ಅದರ ಬೇರು ಆಳುದ್ದ ಇಳೀತದೆ" ಅಂದರು. ಗಿಡ ಮಾರುವವರ ಬಾಯಲ್ಲಿ ಆ ಗಿಡ ಏನು ಮಾಡಲ್ಲ ಅಂತ ಕೇಳಿದ್ದು ನನಗೆ ಅದೇ ಮೊದಲು. ಅಷ್ಟರಲ್ಲಿ ಫೋನ್ ಮುಗಿಸಿ ಬಂದ ಮಾಲೀಕರು "ಒಂದು ಐನೂರು ಕವರ್ ಹಾಕಿಸಿಬಿಡಿ ಸಾರ್, ಒಂದೇ ತಿಂಗಳಿಗೆ ಕಾರ್ಪೆಟ್" ಅಂದರು. ಅವರು ಆಚೆ ಹೋದ ಮೇಲೆ ಅಕ್ಕ ಗೇಣು ಹಾಕಿ ತೋರಿಸಿದರು: ಗೇಣಿನ ಮೇಲೆ ಎರಡು ಬೆರಳು ಅಂತರಕ್ಕೆ ಒಂದು, 280 ಸಾಕು. "ಒಂದು ತಿಂಗಳಿಗೆಲ್ಲ ಆಗಲ್ಲ. ಮೊದಲ ಮೂರು ತಿಂಗಳು ಗಿಡ ಸುಮ್ನೆ ಕೂತಂಗೆ ಕಾಣ್ತದೆ. ನೀವು ಕಳೆ ಕೀಳ್ತಾ ಇರಬೇಕು."

ಕವರಿಗೆ 12 ರೂಪಾಯಿ, ಒಟ್ಟು 3360. ನಾನು 3400 ಕೊಟ್ಟೆ. ಮಾಲೀಕರು ಚಿಲ್ಲರೆ ಇಲ್ಲ ಅಂತ ಬಿಲ್ಲಿನ ಹಿಂದೆ "40 ಬಾಕಿ" ಅಂತ ಬರೆದುಕೊಟ್ಟರು. ಟಿಕೆಟ್ಟಿನ ಹಿಂದೆ ಹಾಗೆ ಬರೆದು ಬರೆದು ಎಷ್ಟು ಜನರ ಶಾಪ ತಗೊಂಡಿದ್ದೀನೋ ಲೆಕ್ಕವಿಲ್ಲ. ನನ್ನ ಕೈಗೆ ಅಂಥ ಚೀಟಿ ಬಂದದ್ದು ಇದೇ ಮೊದಲು. ಬಾಯಿ ಬಿಡಲು ನನಗೆ ಹಕ್ಕಿರಲಿಲ್ಲ. ಗೂಡ್ಸ್ ಆಟೋ ಬಾಡಿಗೆ 600 ನಮ್ಮದೇ.

ಹೊರಡುವಾಗ ಅಕ್ಕ ಸಿಮೆಂಟ್ ಚೀಲದಲ್ಲಿ ಅರ್ಧದಷ್ಟು ಮಣ್ಣು ತಂದು ಆಟೋದಲ್ಲಿಟ್ಟರು. ಹಳೇ ಪಿಂಟೊ ಮಡಿಯ ಅಡಿಯಿಂದ ಬಗೆದ ಮಣ್ಣು. "ಜೆಸಿಬಿ ಕಡ್ದಿದ್ದು ಸತ್ತ ಮಣ್ಣು ಸಾರ್. ಗುಂಡಿಗೊಂದು ಹಿಡಿ ಇದನ್ನ ಹಾಕಿ. ಯೂರಿಯಾ ಮುಟ್ಟಬೇಡಿ." ದುಡ್ಡು ತಗೊಳ್ಳಲಿಲ್ಲ. ಇದರ ಗುಟ್ಟು ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ, ತಂಗಿಯ ಮಗ ಬಂದು ಒಂದು ಗಿಡ ಕಿತ್ತು ತೋರಿಸಿದಾಗ. ಬೇರಿನಲ್ಲಿ ಸಾಸಿವೆ ಗಾತ್ರದ ಗಂಟುಗಳು. ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಾ ಇದೆ ಅಂತ ಲೆಕ್ಕ. ಮೇಲ್ಮಣ್ಣು ಹೋದ ಧರೆಯಲ್ಲಿ ಅದು ತಾನಾಗೇ ಸಿಗೋದು ಕಷ್ಟ. ಆ ಅರ್ಧ ಚೀಲ ಮಣ್ಣಿನಲ್ಲಿ ಬಂದಿತ್ತು. ಒಂದು ಸಾಲಿಗೆ ಆ ಮಣ್ಣು ಸಾಲದೆ ಬಂದು ಹಾಗೇ ನೆಟ್ಟಿದ್ದೆ. ಆ ಸಾಲು ದಸರಾವರೆಗೂ ಕಾಮಾಲೆ ಬಂದವರ ಹಾಗೆ ಇತ್ತು. ಗಾರೆಯವರು ಸಿಮೆಂಟ್ ಕಲಸಿದ ಮೂಲೆಯಲ್ಲಂತೂ ಈಗಲೂ ಎಲೆಯ ನರ ಮಾತ್ರ ಹಸಿರು, ಉಳಿದದ್ದು ಹಳದಿ. ಇದಕ್ಕೆ ನಮ್ಮ ಹುಳಿ ಮಣ್ಣು ಇಷ್ಟ, ಸುಣ್ಣದ ಅಂಶ ಆಗದು.

ರೋಹಿಣಿ ಮಳೆಯ ಹದದಲ್ಲಿ ನೆಟ್ಟೆವು. ಆರಿದ್ರಾ ಶುರುವಾಗುವ ಮುಂಚೆ ಬೇರು ಕಚ್ಚಬೇಕು, ಇಲ್ಲದಿದ್ದರೆ ಮಖೆ ಮಳೆ ಮುಗಿಯೋವರೆಗೆ ಕಾಯಿರಿ ಅಂತ ಅಕ್ಕ ಹೇಳಿದ್ದರು. ನಡುವೆ ನೆಟ್ಟರೆ ಇಳಿಜಾರಲ್ಲಿ ಗಿಡ ಚರಂಡಿಗೆ. ನೆಟ್ಟ ಮೂರನೇ ದಿನ ಸಂಜೆ ನೋಡಿದರೆ ಎಲೆಯೆಲ್ಲ ಮಡಚಿಕೊಂಡು ಬಾಡಿದ ಹಾಗಿದೆ. ಗಾಬರಿಯಾಗಿ ನರ್ಸರಿಗೆ ಫೋನ್ ಮಾಡಿದೆ. ಮಾಲೀಕರು "ನೀರು ಜಾಸ್ತಿಯಾಯ್ತೇನೋ" ಅಂದರು. ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು: "ಅದು ಮಲಗ್ತದೆ, ಬೆಳಗ್ಗೆ ನೋಡಿ ಅನ್ನಿ." ಬೆಳಗ್ಗೆ ನೋಡಿದರೆ ನಾಲ್ಕೂ ಎಲೆ ಬಿಡಿಸಿಕೊಂಡು ಎದ್ದಿತ್ತು. ಹುಣಸೆ ಎಲೆಯ ಹಾಗೆ ಕತ್ತಲಾದರೆ ಮುಚ್ಚುವುದು ಇದರ ಅಭ್ಯಾಸ.

ಇನ್ನು ದೂರು. ಜುಲೈ ಕೊನೆಗೆ, ಮಿಕ್ಕ ಗಿಡ ಸುಮ್ಮನೆ ಕೂತಿದ್ದಾಗ, ಒಂದು ಕಡೆ ಮಾತ್ರ ಹಂಬು ಸರಸರ ಓಡಲು ಶುರುವಾಯಿತು. ನನಗೆ ಖುಷಿಯೋ ಖುಷಿ. ಆಗಸ್ಟಿನಲ್ಲಿ ಅಲ್ಲಿ ಹೂ ಬಂತು, ಹಳದಿಯೇ, ಆದರೆ ಸೇವಂತಿಗೆಯ ಪುಟ್ಟ ತಂಗಿ ಥರ. ಪಿಂಟೊ ಹೂ ಕಡ್ಲೆಕಾಯಿ ಹೂವಿನ ಹಾಗೆ ಚಿಟ್ಟೆಯಾಕಾರ, ಎಲೆ ಒಂದು ತೊಟ್ಟಿಗೆ ನಾಲ್ಕು. ಇದರ ಎಲೆ ಎದುರುಬದುರು, ಒರಟು, ಅಂಚಿನಲ್ಲಿ ಮೂರು ಹಾಲೆ. ವೆಡೇಲಿಯ! ಎಣಿಸಿದರೆ 22 ಗಿಡ. ಇದು ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಬಳ್ಳಿ. ತುಂಡು ಬಿದ್ದಲ್ಲಿ ಗೆಣ್ಣಿನಿಂದ ಬೇರು ಬಿಡುತ್ತೆ, ಗದ್ದೆ ಬದು, ಹಳ್ಳದ ದಂಡೆ ಯಾವುದನ್ನೂ ಬಿಡಲ್ಲ. ಚಂದಕ್ಕೆ ಅಂತ ತಂದ ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆ ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಚರಂಡಿ ಹೋಗಿ ಸೇರುವುದೂ ಒಂದು ಹಳ್ಳಕ್ಕೇ.

ಮಾಲೀಕರಿಗೆ ಹೇಳಿದರೆ "ಎರಡೂ ಹಳದಿ ಹೂವೇ ಅಲ್ವಾ ಸಾರ್, ವೆಡೇಲಿಯ ಇನ್ನೂ ಫಾಸ್ಟು" ಅಂದರು. ಆ ಉತ್ತರಕ್ಕೆ ಒಂದೂವರೆ ಸ್ಟಾರ್ ಕಟ್. ಹಾಸನಕ್ಕೆ ಟಿಕೆಟ್ ತಗೊಂಡವರನ್ನು ಅರಸೀಕೆರೆಯಲ್ಲಿ ಇಳಿಸಿ, ಎರಡೂ ಊರೇ ಅಲ್ವಾ ಅಂದರೆ ಆಗುತ್ತಾ? ಮೂರು ದಿನ ಕೂತು ಬೇರು ಸಮೇತ ಕಿತ್ತೆವು. ಗೊಬ್ಬರದ ಗುಂಡಿಗೆ ಹಾಕದೆ ಬಿಸಿಲಿನ ಕಲ್ಲಿನ ಮೇಲೆ ಒಣಗಿಸಿ ಸುಟ್ಟೆ. ನೀವು ಎಲ್ಲೇ ಕೊಳ್ಳುವುದಾದರೂ ಹೂವಿನ ಬಣ್ಣ ಕೇಳಬೇಡಿ, ಎಲೆ ಎಣಿಸಿ.

ನಿಜವಾದ ಪಿಂಟೊ ಮಾತ್ರ ಅಕ್ಕ ಹೇಳಿದಂತೆಯೇ ನಡೆಯಿತು. ಮೂರು ತಿಂಗಳು ಗರಿಕೆ, ಮುಟ್ಟಿದರೆ ಮುನಿ ಕಿತ್ತು ಕಿತ್ತು ನನ್ನ ಸೊಂಟ ಹೋಯಿತು. ದೀಪಾವಳಿ ಹೊತ್ತಿಗೆ ಹಂಬುಗಳು ಒಂದರ ಮೇಲೊಂದು ಹತ್ತಿ ನೆಲ ಮುಚ್ಚಿತ್ತು. ಡಿಸೆಂಬರ್ ಚಳಿಗೆ ಹೂ ನಿಂತಿತು. ಮಾರ್ಚಿನ ಬಿಸಿಲಿಗೆ ಅರ್ಧ ಎಲೆ ಉದುರಿಸಿತು. ನಾಲ್ಕೈದು ದಿನಕ್ಕೊಮ್ಮೆ ನೀರು ಹೊಡೆದೆ. ಕಾಫಿಯ ಹೂಮಳೆ ಬಿದ್ದದ್ದೇ ತಡ, ಹತ್ತು ದಿನದಲ್ಲಿ ಹಳೇ ಹಂಬಿನಿಂದಲೇ ಚಿಗುರಿತು. ಸಪೋಟ ಮರದ ನೆರಳಿನಲ್ಲಿ ಎಲೆ ದೊಡ್ಡದು, ಹೂ ಕಡಿಮೆ. ತೀರಾ ತೇವದ ಮೂಲೆಗೆ ಆಕೆ ಪುಕ್ಕಟೆಯಾಗಿ ಕೊಟ್ಟ ಒಂದೆಲಗ ಹಾಕಿದ್ದೇವೆ, ವಾರಕ್ಕೊಮ್ಮೆ ತಂಬುಳಿ. ಆಡಲು ಮಾತ್ರ ಈ ಹಾಸು ಲಾಯಕ್ಕಿಲ್ಲ. ಮೊಮ್ಮಗ ವಿಕೆಟ್ ನೆಟ್ಟ ಜಾಗ ಬೋಳಾಗಿದೆ. ಹೂ ಇರುವ ದಿನ ಬರಿಗಾಲಲ್ಲಿ ಹೋಗಬೇಡಿ, ಜೇನು ಇರುತ್ತೆ.

ನವೆಂಬರಿನಲ್ಲಿ ಗೇಟು ಮರೆತ ಒಂದು ಮಧ್ಯಾಹ್ನ ಪಕ್ಕದ ಮನೆಯ ಹಸು ಬಂದು ಕೈಗೆಟಕುವಷ್ಟನ್ನು, ಅಂದರೆ ಅದರ ಬಾಯಿಗೆಟಕುವಷ್ಟನ್ನು, ಕ್ಷೌರ ಮಾಡಿ ಹೋಯಿತು. ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಆದರೆ ಚಿಗುರುವ ಕಣ್ಣು ನೆಲಕ್ಕೇ ಅಂಟಿಕೊಂಡಿರುವ ಗಿಡ ಇದು. ಮೂರು ವಾರಕ್ಕೆ ಮೊದಲಿಗಿಂತ ಒತ್ತಾಗಿ ಬಂತು. ಈಗ ವರ್ಷಕ್ಕೆರಡು ಸಲ ನಾನೇ ಕುಡುಗೋಲಲ್ಲಿ ಸವರಿ ಆ ಹಸುವಿಗೆ ಹಾಕುತ್ತೇನೆ, ಅವರ ಮನೆಯಿಂದ ಗಿಣ್ಣು ಬಂತು.

ಈ ಸಲದ ಪುನರ್ವಸು ಮಳೆಗೆ ಚರಂಡಿಯಲ್ಲಿ ನೀರು ಬಣ್ಣವಿಲ್ಲದೆ ಹೋಯಿತು. ಮೇಲಂಚಿನ ಲಾವಂಚ ಇನ್ನೂ ಮೊಣಕಾಲುದ್ದ.

ಹೋಗುವವರು ವಾರದ ದಿನ ಬೆಳಗ್ಗೆ ಹೋಗಿ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ನಿಂತಿರುತ್ತವೆ, ಅಕ್ಕನನ್ನು ಕವರ್ ಹೊರಲು ಹಾಕಿರುತ್ತಾರೆ, ಮಾತಿಗೆ ಸಿಗುವುದಿಲ್ಲ. ಮಾಲೀಕರ ಜೊತೆ ರೇಟು ಮಾತ್ರ ಮಾತಾಡಿ. ಐದಕ್ಕೆ ಮೂರೂವರೆ ಸ್ಟಾರ್.

ವೆಡೇಲಿಯಕ್ಕೆ ಬದಲಾಗಿ 22 ಕವರ್ ಕೊಟ್ಟರು, ಬಸ್ ಚಾರ್ಜು ನನ್ನದೇ. ಆವತ್ತು ಜೇಬಿನಿಂದ ಆ ಬಿಲ್ಲನ್ನೂ ತೆಗೆದು ಹಿಂಬದಿ ತೋರಿಸಿದೆ. ಮಾಲೀಕರು ಮೂರು ಕವರ್ ಮೇಲಿಟ್ಟು "ಲೆಕ್ಕ ಚುಕ್ತಾ ಸಾರ್" ಅಂದರು. ಮೂರು ಹನ್ನೆರಡಲ ಮೂವತ್ತಾರು. ಉಳಿದ 4 ರೂಪಾಯಿ ಕೇಳಿದೆ. ಚಿಲ್ಲರೆ ಇಲ್ಲ ಅಂದರು.