ಮೆಗಾ ಡ್ರೈವ್‌ಗೆ ಹೊಸ ಪ್ಯಾಡ್: ಎಂ30 ತಗೊಳ್ಳಬೇಕೇ, ರೆಟ್ರೊ-ಬಿಟ್ ತಗೊಳ್ಳಬೇಕೇ?

ಸೆಗಾ ಕಂಪನಿಯ ಟಿವಿ ಗೇಮ್ ಕನ್ಸೋಲ್ ಮೆಗಾ ಡ್ರೈವ್ ಜಪಾನಿನಲ್ಲಿ ಬಿಡುಗಡೆಯಾದದ್ದು 1988ರಲ್ಲಿ, ಅದನ್ನು ಆಡಲು ಕೈಯಲ್ಲಿ ಹಿಡಿಯುವ ಆರು ಬಟನ್ನಿನ ಪ್ಯಾಡ್ ಬಂದದ್ದು 1993ರಲ್ಲಿ. ಇಷ್ಟು ವರ್ಷ ದುಡಿದ ಪ್ಯಾಡ್‌ಗಳಲ್ಲಿ ರಬ್ಬರ್ ಸವೆದಿರುತ್ತದೆ, ಇಲ್ಲವೇ ಪ್ಯಾಡಿನ ಬುಡದಲ್ಲಿ ವೈರು ಒಳಗಿಂದೊಳಗೇ ತುಂಡಾಗಿರುತ್ತದೆ. ಹೊಸದು ಬೇಕೆಂದರೆ ಗಟ್ಟಿಯಾಗಿ ಹೇಳಬಹುದಾದ ಹೆಸರುಗಳು ಎರಡು: 8ಬಿಟ್‌ಡೊ ಕಂಪನಿಯ ಎಂ30, ಮತ್ತು ಸೆಗಾ ಲೈಸೆನ್ಸ್ ಪಡೆದು ರೆಟ್ರೊ-ಬಿಟ್ ಮಾಡುವ ಪ್ಯಾಡ್‌ಗಳು.

ಎಂ30 ಕೊಳ್ಳುವವರು ಎಡವುವುದು ಹೆಸರಿನಲ್ಲೇ. ಒಂದೇ ಆಕಾರದಲ್ಲಿ ಬೇರೆ ಬೇರೆ ಪ್ಯಾಡ್‌ಗಳಿವೆ. ಬ್ಲೂಟೂತ್ ಎಂ30 ಫೋನು, ಕಂಪ್ಯೂಟರ್, ನಿಂಟೆಂಡೊ ಸ್ವಿಚ್‌ಗೆ. ಅದು ಹಳೆಯ ಮೆಗಾ ಡ್ರೈವ್ ಜೊತೆ ನೇರವಾಗಿ ಮಾತಾಡುವುದಿಲ್ಲ, ಬ್ಲೂಟೂತ್ ರಿಸೀವರ್ ಬೇರೆ ತಗೊಳ್ಳಬೇಕು. ಹಳೆಯ ಕನ್ಸೋಲಿಗೆ ಬೇಕಾದದ್ದು 2.4ಜಿ ಎಂ30 (ತನ್ನದೇ ರಿಸೀವರ್ ಜೊತೆ 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ಮಾತಾಡುವುದು), ಅದರಲ್ಲೂ 9 ಪಿನ್ನಿನ ರಿಸೀವರ್ ಇರುವುದು. ಡಬ್ಬದ ಮೇಲೆ ಪ್ಯಾಡಿನ ಚಿತ್ರ ನೋಡಬೇಡಿ, ರಿಸೀವರ್ ಚಿತ್ರ ನೋಡಿ. ಯುಎಸ್‌ಬಿ ಮೂತಿ ಕಂಡರೆ ಅದು ನಿಮ್ಮದಲ್ಲ. ರೆಟ್ರೊ-ಬಿಟ್‌ನ 2.4 ಗಿಗಾಹರ್ಟ್ಸ್ ಪ್ಯಾಡಿನಲ್ಲಿ ಈ ತಲೆನೋವಿಲ್ಲ. 9 ಪಿನ್ನಿನದೊಂದು, ಯುಎಸ್‌ಬಿಯದೊಂದು, ಎರಡೂ ರಿಸೀವರ್ ಡಬ್ಬದಲ್ಲೇ ಬರುತ್ತವೆ. ವೈರ್ ಇರುವ ರೆಟ್ರೊ-ಬಿಟ್ ಪ್ಯಾಡಿನ ಕೇಬಲ್ ಸುಮಾರು 3 ಮೀಟರ್, ಟಿವಿಯಿಂದ ಸೋಫಾದವರೆಗೆ ಎಕ್ಸ್‌ಟೆನ್ಷನ್ ಇಲ್ಲದೆ ಸಾಕಾಗುತ್ತದೆ.

ವೈರ್‌ಲೆಸ್ ಅಂದರೆ ನಿಧಾನ ಎಂಬ ಭಯ ಹಲವರಿಗಿದೆ. ಆಟಗಳು ಸಾಮಾನ್ಯವಾಗಿ ಫ್ರೇಮಿಗೊಮ್ಮೆ ಪ್ಯಾಡನ್ನು ಓದುತ್ತವೆ: 60 ಹರ್ಟ್ಸ್‌ನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ, ಪಾಲ್ (ಭಾರತ, ಯೂರೋಪಿನ ಟಿವಿ ಪದ್ಧತಿ) ಕನ್ಸೋಲಿನ 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡಿಗೊಮ್ಮೆ. ಒಳ್ಳೆಯ 2.4ಜಿ ಪ್ಯಾಡ್ ತಡ ಮಾಡಿದರೂ ಬಹುಪಾಲು ಆ ಒಂದು ಫ್ರೇಮಿನ ಒಳಗೇ ಮುಗಿಯುತ್ತದೆ. ಬಟನ್ ಒತ್ತಿದ ಮೇಲೆ ಸೋನಿಕ್ ತಡವಾಗಿ ಜಿಗಿದರೆ ಮೊದಲು ಅನುಮಾನಪಡಬೇಕಾದದ್ದು ಫ್ಲಾಟ್ ಟಿವಿಯನ್ನು. ಗೇಮ್ ಮೋಡ್ ಹಾಕಿ, ಆಮೇಲೆ ಪ್ಯಾಡನ್ನು ದೂರಿ.

ನಿಜವಾದ ಪರೀಕ್ಷೆ ಡಿ-ಪ್ಯಾಡಿನದು, ಅಂದರೆ ದಿಕ್ಕು ಒತ್ತುವ ಕೂಡುಗುರುತಿನಾಕಾರದ ಬಟನ್ನಿನದು. ಸ್ಟ್ರೀಟ್ ಫೈಟರ್ 2 ಹಾಕಿ, ಬಲಕ್ಕೆ ಒತ್ತಿ ಹಿಡಿದು, ಒತ್ತಡ ಸಡಿಲಿಸದೆ ಹೆಬ್ಬೆರಳನ್ನು ಸ್ವಲ್ಪ ಮೇಲಕ್ಕೂ ಕೆಳಕ್ಕೂ ಹೊರಳಿಸಿ. ಆಟಗಾರ ನಡೆಯುತ್ತಲೇ ಇರಬೇಕು. ನಡುವೆ ಜಿಗಿದರೆ ಮೇಲಿನ ಕಾಂಟ್ಯಾಕ್ಟ್, ಕುಕ್ಕರಿಸಿದರೆ ಕೆಳಗಿನದು ಬೇಡದ ಹೊತ್ತಲ್ಲಿ ತಾಗುತ್ತಿದೆ ಎಂದರ್ಥ. ಎಡಕ್ಕೂ ಹೀಗೇ ನೋಡಿ. ಕೊನೆಗೆ ಹಡೊಕೆನ್ (ಕೆಳಗೆ, ಕೆಳ-ಮುಂದೆ, ಮುಂದೆ, ಜೊತೆಗೆ ಗುದ್ದು) 20 ಸಲ ಹಾಕಿ; ಪ್ಯಾಡ್ ಅಭ್ಯಾಸವಾದ ಮೇಲೂ ನಾಲ್ಕೈದು ತಪ್ಪಿದರೆ ಆ ಪ್ಯಾಡ್ ಹಿಂದಿರುಗಿಸುವುದೇ ಸರಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ.

ಅವಧಿ ಮುಗಿದಿದ್ದರೆ ಮನೆಯಲ್ಲೇ ಸರಿಮಾಡಬಹುದು. ಡಿ-ಪ್ಯಾಡಿನ ಅಡಿಯಲ್ಲಿ ನಡುಮಧ್ಯೆ ಒಂದು ಮೊಳೆಯಂಥ ಗೂಟವಿರುತ್ತದೆ, ಇಡೀ ಡಿ-ಪ್ಯಾಡ್ ತೂಗುವುದು ಅದರ ಮೇಲೆ. ಗೂಟ ಗಿಡ್ಡವಾದರೆ ಒಂದು ಬದಿ ಒತ್ತಿದಾಗ ಪಕ್ಕದ ರಬ್ಬರೂ ಬೋರ್ಡಿಗೆ ಮುಟ್ಟಿಬಿಡುತ್ತದೆ. ಸ್ಕ್ರೂ ಬಿಚ್ಚಿ, ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಗೂಟದ ತುದಿಯಷ್ಟೇ ಅಗಲದ ಬಿಲ್ಲೆ ಕತ್ತರಿಸಿ, ಗೂಟ ಊರುವ ಜಾಗದಲ್ಲಿ ಬೋರ್ಡಿನ ಮೇಲೆ ಅಂಟಿಸಿ. ಮೊದಲು ಒಂದೇ ಬಿಲ್ಲೆ. ಎರಡು ಹಾಕಿದರೆ ಮೂಲೆಯ ದಿಕ್ಕುಗಳೇ ಸಿಗದೆ ಹೋಗಬಹುದು. ಆಗಲೂ ನಿಲ್ಲದಿದ್ದರೆ ತೊಂದರೆ ಕೊಡುವ ಕಾಂಟ್ಯಾಕ್ಟಿನ ಹೊರ ಅಂಚನ್ನು ಕ್ಯಾಪ್ಟಾನ್ ಟೇಪಿನ (ಕರೆಂಟ್ ಹರಿಸದ ತೆಳು ಟೇಪು) ಸಣ್ಣ ಎಳೆಯಿಂದ ಮುಚ್ಚಿ. ಬ್ಯಾಟರಿ ಇರುವ ಪ್ಯಾಡಾದರೆ ಹಿಂಬದಿ ಮುಚ್ಚಳವನ್ನು ರಪ್ಪನೆ ಎತ್ತಬೇಡಿ, ಬ್ಯಾಟರಿಯ ತೆಳು ವೈರು ಕಿತ್ತು ಬರುತ್ತದೆ.

ಬ್ರ್ಯಾಂಡೇ ಇಲ್ಲದ ಅಗ್ಗದ ಆರು ಬಟನ್ ಪ್ಯಾಡ್‌ಗಳನ್ನು ನಾವು ಯಾಕೆ ಬೇಡ ಅನ್ನುತ್ತೇವೆ ಎಂದು ತಿಳಿಯಲು ಆ 9 ಪಿನ್ನಿನ ಕೆಲಸ ನೋಡಬೇಕು. 1ರಿಂದ 4 ದಿಕ್ಕುಗಳಿಗೆ, 5ರಲ್ಲಿ 5 ವೋಲ್ಟ್, 8 ಗ್ರೌಂಡ್. ಬಟನ್‌ಗಳಿಗೆ ಉಳಿದದ್ದು 6 ಮತ್ತು 9 ಮಾತ್ರ. ಅದಕ್ಕೇ ಕನ್ಸೋಲ್ 7ನೇ ಪಿನ್ನಿನ ವೋಲ್ಟೇಜನ್ನು ಮೇಲೆ ಕೆಳಗೆ ಮಾಡುತ್ತದೆ: ಮೇಲಿದ್ದಾಗ ಬಿ ಮತ್ತು ಸಿ, ಕೆಳಗಿದ್ದಾಗ ಎ ಮತ್ತು ಸ್ಟಾರ್ಟ್. ಮೂರು ಬಟನ್ನಿನ ಪ್ಯಾಡಿನಲ್ಲಿ ಈ ಕೆಲಸಕ್ಕೆ 74ಎಚ್‌ಸಿ157 ಎಂಬ ಒಂದು ಚಿಪ್ ಸಾಕು. ಎಕ್ಸ್, ವೈ, ಜೆಡ್, ಮೋಡ್ ಬೇಕಾದರೆ ಪ್ಯಾಡ್ ಈ ಏರಿಳಿತಗಳನ್ನು ಎಣಿಸಬೇಕು, ಸುಮಾರು ಒಂದೂವರೆ ಮಿಲಿಸೆಕೆಂಡ್ ಏರಿಳಿತವಿಲ್ಲದಿದ್ದರೆ ಎಣಿಕೆಯನ್ನು ಮತ್ತೆ ಸೊನ್ನೆಗೆ ತರಬೇಕು. ಆ ಎಣಿಕೆಯಲ್ಲಿ ಎಡವಿದ ಚಿಪ್ಪು ಒಂದು ಆಟದಲ್ಲಿ ಸರಿಯಾಗಿರುತ್ತದೆ, ಇನ್ನೊಂದರಲ್ಲಿ ತಾನಾಗಿ ಬಟನ್ ಒತ್ತಿದಂತೆ ಆಡುತ್ತದೆ.

ವೈರು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದೂ ಇದರಿಂದಲೇ ಗೊತ್ತಾಗುತ್ತದೆ. ಬಿ ಒತ್ತಿದರೆ ಎ ಕೂಡ ಕೆಲಸ ಮಾಡಿ, ಸಿ ಒತ್ತಿದರೆ ಸ್ಟಾರ್ಟ್ ಒತ್ತಿದಂತೆ ಆಟ ನಡುವೆ ನಿಂತರೆ ಬಹುತೇಕ 7ನೇ ಪಿನ್ನಿನ ವೈರು ಹೋಗಿದೆ. ಮೇಲಿನ ದಿಕ್ಕು ಮಾತ್ರ ಸತ್ತಿದ್ದರೆ ಮೊದಲು ಅದರ ರಬ್ಬರ್ ಒರೆಸಿ, ಆಮೇಲೆ 1ನೇ ಪಿನ್ ನೋಡಿ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಮುಳ್ಳು ಪ್ಲಗ್ಗಿನಲ್ಲಿ, ಇನ್ನೊಂದು ಬೋರ್ಡಿನ ಬೆಸುಗೆಯಲ್ಲಿ ಹಿಡಿದು ವೈರನ್ನು ಅಲ್ಲಾಡಿಸಿ. ಬೀಪ್ ಎಲ್ಲಿ ತುಂಡಾಗುತ್ತದೋ ವೈರೂ ಅಲ್ಲೇ ತುಂಡು. ಎಕ್ಸ್‌ಟೆನ್ಷನ್ ಕೇಬಲ್ ಕೊಳ್ಳುವಾಗಲೂ ಒಂಬತ್ತೂ ಪಿನ್ ನೇರವಾಗಿ ಇವೆಯೇ ಎಂದು ಹೀಗೇ ಪರೀಕ್ಷಿಸಿ. ಅಟಾರಿ ಜಾಯ್‌ಸ್ಟಿಕ್‌ಗೆಂದು ಮಾಡಿದ ಕೆಲವು ಕೇಬಲ್‌ಗಳಲ್ಲಿ 5 ಮತ್ತು 7 ಇರುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಮಾರಾಟವಾದ ಕ್ಯಾಸೆಟ್ ಹಾಕುವ ಟಿವಿ ಗೇಮ್‌ಗಳಲ್ಲಿ ಬಹುಪಾಲು ನಿಂಟೆಂಡೊದ ಫ್ಯಾಮಿಕಾಂ ಕನ್ಸೋಲಿನ ನಕಲುಗಳು. ಅನೇಕ ಸೆಟ್‌ಗಳ ಪ್ಲಗ್ಗೂ ಇದೇ 9 ಪಿನ್ನಿನದು, ಆದರೆ ಒಳಗಿನ ಲೆಕ್ಕವೇ ಬೇರೆ: ಎಂಟು ಬಟನ್ನಿನ ಮಾಹಿತಿ ಒಂದೇ ವೈರಿನಲ್ಲಿ ಒಂದಾದ ಮೇಲೊಂದು ಬರುತ್ತದೆ. ಈ ಪ್ಯಾಡ್‌ಗಳು ಅದರಲ್ಲಿ ನಡೆಯುವುದಿಲ್ಲ, ಚುಚ್ಚಿ ನೋಡುವ ಸಾಹಸವೂ ಬೇಡ. ಕಮಡೋರ್ 64 ಎಂಬ ಹಳೆಯ ಕಂಪ್ಯೂಟರಿಗಂತೂ ಅಡಾಪ್ಟರ್ ಇಲ್ಲದೆ ಹಾಕಲೇಬೇಡಿ, ಅದರ ಪೋರ್ಟ್ ಚಿಪ್ಪು ಸುಡಬಹುದು.

ಫರ್ಗಾಟನ್ ವರ್ಲ್ಡ್ಸ್‌ನಂಥ ಕೆಲವು ಹಳೆಯ ಆಟಗಳಿಗೆ ಆರು ಬಟನ್ ಪ್ಯಾಡ್ ಆಗಿಬರುವುದಿಲ್ಲ. ಸೆಗಾದ ಮೂಲ ಪ್ಯಾಡಿನಲ್ಲಿ ಮೋಡ್ ಒತ್ತಿ ಹಿಡಿದು ಕನ್ಸೋಲ್ ಆನ್ ಮಾಡಿದರೆ ಅದು ಮೂರು ಬಟನ್ನಿನದಾಗುತ್ತದೆ. ವೈರ್‌ಲೆಸ್ ರಿಸೀವರಿಗೆ ಕರೆಂಟ್ ಬರುವುದೇ ಕನ್ಸೋಲಿನಿಂದ. ಆನ್ ಆದ ಆ ಕ್ಷಣಕ್ಕೆ ಪ್ಯಾಡಿನ ಸಂಪರ್ಕವೇ ಸಿಕ್ಕಿರುವುದಿಲ್ಲ, ಈ ಉಪಾಯ ಅಲ್ಲಿ ಕೈಕೊಡಬಹುದು. ಹಾಗಾಗಿ ಕಾಳಗದ ಆಟ, ಹಳೆಯ ಆಟ ಎರಡೂ ಇದ್ದವರು ವೈರ್ ಇರುವ ಆರು ಬಟನ್ ರೆಟ್ರೊ-ಬಿಟ್ ತಗೊಂಡು, ಜೊತೆಗೆ ಕೆಲಸ ಮಾಡುವ ಒಂದು ಮೂರು ಬಟನ್ನಿನ ಹಳೆ ಪ್ಯಾಡ್ ಇಟ್ಟುಕೊಳ್ಳಿ. ಸೋಫಾದಲ್ಲಿ ಒರಗಿ ಸೋನಿಕ್ ಆಡುವವರಿಗೆ 2.4ಜಿ ಎಂ30.